ಮನಿಯವರು ಅದಾರೇನ್ರಿ?

ಬಾಗಿಲು ತಟ್ಟುವುದು ನನ್ನ ಕೆಲಸ. ತೆರೆದವರು ಸುಳ್ಳು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ರಾಯಚೂರು ನಗರ, ದೇವದುರ್ಗ, ಮಾನ್ವಿ, ಈ ಮೂರೂ ಊರುಗಳಲ್ಲಿ ಸರ್ಕಾರ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಟ್ಟಿರುವ ಮನೆಗಳಿವೆ. ಹಳ್ಳಿಯಿಂದ ದುಡಿಯಲು ಬಂದ ಬಡವರಿಗೆಂದು ಕಟ್ಟಿದವು. ಬಾಡಿಗೆಯ ದೊಡ್ಡ ಪಾಲನ್ನು ಸರ್ಕಾರವೇ ಹೊರುತ್ತದೆ. ಯಾರ ಹೆಸರಿಗೆ ಮನೆ ಮಂಜೂರಾಗಿದೆಯೋ ಅವರು ಅಥವಾ ಅವರ ಹೆಂಡತಿ ಮಕ್ಕಳೇ ಅಲ್ಲಿರಬೇಕು, ಇನ್ನೊಬ್ಬರಿಗೆ ಒಳಬಾಡಿಗೆಗೆ ಬಿಡಬಾರದು. ಬಿಟ್ಟರೆ ಮನೆ ರದ್ದು. ಬಿಟ್ಟಿದ್ದಾರೋ ಇಲ್ಲವೋ ನೋಡಿ ವರದಿ ಕೊಡುವ ಇನ್‌ಸ್ಪೆಕ್ಟರ್ ನಾನು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಜನರ ಮೇಲೆ ಮರುಕವಿತ್ತು. ಅದು ಬಹಳ ದಿನ ಬಾಳಲಿಲ್ಲ. ಸ್ವಂತ ಮಾಳಿಗೆ ಮನೆ ಇದ್ದವರು ಬಡವರ ಪಟ್ಟಿಯಲ್ಲಿ ಸೇರಿ ಇಲ್ಲಿ ಮನೆ ಹಿಡಿದು, ಅದನ್ನು ನಿಜವಾದ ಬಡವರಿಗೆ ಹೆಚ್ಚಿನ ಬಾಡಿಗೆಗೆ ಕೊಟ್ಟು ಆರಾಮಾಗಿ ಇರುವುದನ್ನು ನೋಡಿ ನೋಡಿ ಕಣ್ಣು ಗಟ್ಟಿಯಾಯಿತು. ಕಟ್ಟಿದವರೇನೂ ಕಡಿಮೆಯಿಲ್ಲ. ಮಂಚ ತಿರುಗದಷ್ಟು ಇಕ್ಕಟ್ಟಾದ ಮೆಟ್ಟಿಲು, ಅಡುಗೆಮನೆಯ ಕಿಟಕಿ ತೆರೆದರೆ ಎದುರು ಮನೆಯ ಪಾಯಖಾನೆ, ನಲ್ಲಿ ಇದ್ದಲ್ಲಿ ನೀರಿಲ್ಲ. ಉದ್ಘಾಟನೆಗೆ ಬಂದ ದೊಡ್ಡ ಮನುಷ್ಯರು ಒಂದು ಮನೆಯೊಳಗೆ ಹೋಗಿ, ಫೋಟೊ ತೆಗೆಸಿಕೊಂಡು, ಬೆವರು ಒರೆಸುತ್ತ ಹೊರಬಿದ್ದರು. ಅವತ್ತು ಆ ಒಂದು ಮನೆಗೆ ಫ್ಯಾನು ಹಾಕಿಸಿದ್ದರು. ಮರುದಿನ ಬಿಚ್ಚಿಕೊಂಡು ಹೋದರು.

ಮುನ್ಸೂಚನೆ ಇಲ್ಲದ ತಪಾಸಣೆ ಎಂದು ನಮ್ಮ ಆದೇಶದಲ್ಲಿ ಬರೆದಿರುತ್ತದೆ. ನಮ್ಮ ಜೀಪು ರಾಯಚೂರಿನ ಪೆಟ್ರೋಲ್ ಬಂಕಿನಲ್ಲಿ ನಿಂತಿರುವಾಗಲೇ ಆಯಾ ಊರಿನ ವಾಚಮನ್‌ಗೆ ಫೋನು ಹೋಗಿರುತ್ತದೆ, ಅವನಿಂದ ಮನೆ ಮನೆಗೆ. ನಾವು ಮುಟ್ಟುವಷ್ಟರಲ್ಲಿ ಒಳಬಾಡಿಗೆಯವರು ಮಾಯವಾಗಿ, ಹೆಸರಿನವರು ಬಂದು ಕೂತು, ಎಷ್ಟೋ ವರ್ಷದಿಂದ ಅಲ್ಲೇ ಉಂಡು ಮಲಗಿದವರ ಮುಖ ಮಾಡಿರುತ್ತಾರೆ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಮಾತ್ರ ಅವರಿಗೆ ಗೊತ್ತಿರುವುದಿಲ್ಲ. ಚಹಾ ಮಾಡುತ್ತೇವೆ ಎಂದು ಒಳಗೆ ಹೋಗಿ ಡಬ್ಬಿ ಡಬ್ಬಿ ತೆಗೆದು ಮೂಸುವುದನ್ನು ನಾನು ಕಂಡಿದ್ದೇನೆ.

ದೇವದುರ್ಗದಲ್ಲಿ ಒಮ್ಮೆ ಕೆಳಗಿನ ಮನೆಯಲ್ಲಿ ಒಬ್ಬ ಮುದುಕಿಯನ್ನು "ನಮ್ಮವ್ವ ರೀ" ಎಂದು ತೋರಿಸಿದರು. ಬರೆದುಕೊಂಡೆ. ಮೂರನೇ ಅಂತಸ್ತಿಗೆ ಹೋದರೆ ಅಲ್ಲಿಯೂ ಇನ್ನೊಬ್ಬಾತ "ನಮ್ಮವ್ವ ರೀ" ಎಂದು ತೋರಿಸಿದ. ಅದೇ ಮುದುಕಿ. ಸೀರೆ ಬೇರೆ. ಹಿಂದಿನ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದಳು. ಗಬ್ಬೂರಿನಿಂದ ಬೆಳಗಿನ ಬಸ್ಸಿಗೆ ಕರೆಸಿಕೊಂಡಿದ್ದರಂತೆ. ನಾನು ಏನೂ ಅನ್ನುವ ಮೊದಲೇ ಅವಳು ಕೂತುಬಿಟ್ಟು, "ಯವ್ವಾ, ನನಗ ಸಾಕಾಗ್ಯಾದ. ಇನ್ನೊಂದು ಮನಿ ಅದ ಅಂದ್ರ ನಾ ವಲ್ಲೆ" ಎಂದಳು. ಅವತ್ತು ಇಡೀ ಕಟ್ಟಡದಲ್ಲಿ ನಿಜ ಹೇಳಿದವಳು ಅವಳೊಬ್ಬಳೇ.

ಇಂಥವರ ನಡುವೆ ಇದ್ದು ನಾನೊಂದು ಉಪಾಯ ಕಂಡುಕೊಂಡೆ. ನಮ್ಮ ಮೊಬೈಲಿನ ನಮೂನೆಯಲ್ಲಿ "ಹಂಚಿಕೆದಾರರು ವಾಸವಿದ್ದಾರೆಯೇ?" ಎಂಬ ಪ್ರಶ್ನೆ ಇದೆ. ಈ ಹಂಚಿಕೆದಾರರು ಎಂಬ ಪದ ಹುಟ್ಟಿಸಿದವನು ಯಾರೋ, ಜೀವನದಲ್ಲಿ ಒಮ್ಮೆಯೂ ಬೀದಿಗೆ ಇಳಿದವನಲ್ಲ. ಮನೆ ಹಂಚಿಕೆಯಾದವರು ಎಂದು ಅದರ ಅರ್ಥ. ಹಂಚಿಕೆದಾರರು ಇದ್ದಾರೇನು ಎಂದು ಕೇಳಿದರೆ ಒಬ್ಬಾತ ತಲೆ ಎತ್ತಿ ಮೇಲೆ ನೋಡಿ, "ಹಂಚು ಇಲ್ರಿ, ಇದು ಸ್ಲ್ಯಾಬ್ ಅದ" ಎಂದಿದ್ದ. "ನೀವು ಯಾರು?" ಎಂದು ನೇರವಾಗಿ ಕೇಳಿದರೂ ಪ್ರಯೋಜನವಿಲ್ಲ. ಆ ಪ್ರಶ್ನೆಗೆ ಎಲ್ಲರೂ ಉತ್ತರ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಅದಕ್ಕೆ ನಾನು, ಪಕ್ಕದ ಮನೆಯವಳು ಹೆಪ್ಪು ಕೇಳಲು ಬಂದ ಹಾಗೆ, ಸಲೀಸಾಗಿ ಕೇಳುತ್ತಿದ್ದೆ: "ಮನಿಯವರು ಅದಾರೇನ್ರಿ?"

ಹೆಸರಿನವರಾದರೆ, "ನಾವೇ ರೀ, ಬರ್ರಿ ಒಳಗ" ಅನ್ನುತ್ತಾರೆ. ಒಳಬಾಡಿಗೆಯವರಾದರೆ ನಾಲಿಗೆ ಜಾರುತ್ತದೆ: "ಮನಿಯವರು ಇಲ್ರಿ, ಅವರು ರಾಯಚೂರಾಗ ಇರ್ತಾರ, ಒಂದನೇ ತಾರೀಖಿಗೆ ಬರ್ತಾರ." ಅಲ್ಲಿಗೆ ಮುಗಿಯಿತು. ಮನೆಯವರು ಅಂದರೆ ನಮ್ಮ ಹೆಂಗಸರ ಬಾಯಲ್ಲಿ ಗಂಡ ಎಂದೂ ಆಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೂ ಲೆಕ್ಕ ಇಟ್ಟಿದ್ದೆ. ಸಂಜೆಗೆ ಬರ್ತಾರೆ ಅಂದರೆ ಗಂಡ, ಒಂದನೇ ತಾರೀಖಿಗೆ ಬರ್ತಾರೆ ಅಂದರೆ ಮಾಲೀಕ. ಇಷ್ಟು ಸರಳ ಎಂದುಕೊಂಡಿದ್ದೆ. ಈ ಪ್ರಶ್ನೆಯಿಂದ ಎಷ್ಟೋ ಮನೆಗಳು ಸಿಕ್ಕಿಬಿದ್ದವು. ನಮ್ಮ ಸಾಹೇಬರು ಸಭೆಯಲ್ಲಿ ನನ್ನ ಹೆಸರು ಹೇಳಿ ಹೊಗಳಿ, ಉಳಿದ ಇನ್‌ಸ್ಪೆಕ್ಟರುಗಳಿಗೂ ಹೀಗೇ ಕೇಳಿ ಎಂದರು. ಮಾನ್ವಿಯ ವಾಚಮನ್ ನನಗೆ ಬೆನ್ನ ಹಿಂದೆ "ಮನಿಯವರು ಮೇಡಂ" ಎಂದು ಹೆಸರಿಟ್ಟಿದ್ದ. ಕೇಳಿ ಹೆಮ್ಮೆಪಟ್ಟಿದ್ದೆ, ಹೇಳಲಿಕ್ಕೆ ನಾಚಿಕೆಯಾಗುತ್ತದೆ.

ಆ ಮಾನ್ವಿಯಲ್ಲೇ ಒಂದು ಬೇಸಿಗೆಯ ಮಧ್ಯಾಹ್ನ ಒಬ್ಬ ಹೆಂಗಸಿನ ಬಾಗಿಲಿಗೆ ಹೋದೆ. ಬೆಳಗಿನಿಂದ ಎರಡು ಮನೆ ಒಳಬಾಡಿಗೆ ಹಿಡಿದಿದ್ದೆ. ಒಂದರಲ್ಲಿ ಇಲ್ಲದ ಹೆಂಡತಿಯನ್ನು ಹೆರಿಗೆಗೆ ಕಳಿಸಿದ್ದರು, ಇನ್ನೊಂದರಲ್ಲಿ ಬದುಕಿದ್ದ ಮಾಲೀಕನನ್ನು ಸಾಯಿಸಿದ್ದರು. ತಲೆ ಕೆಟ್ಟುಹೋಗಿತ್ತು. ಕೆಳಗಿನ ಸಾಲಿನ ಕೊನೆಯ ಮನೆ. ಹೊಸ್ತಿಲ ಒಳಗೆ ಒಬ್ಬಳು ಮೊರ ಹಿಡಿದು ನುಚ್ಚು ಹಸನು ಮಾಡುತ್ತ ಕೂತಿದ್ದಳು. ನಲವತ್ತು ಇದ್ದಿರಲಾರದು. ನನ್ನ ಕೊರಳಲ್ಲಿ ಇಲಾಖೆಯ ಗುರುತಿನ ಚೀಟಿ, ಹಿಂದೆ ವಾಚಮನ್. ಅವಳು ಏಳಲಿಲ್ಲ.

"ಮನಿಯವರು ಅದಾರೇನ್ರಿ?"

"ಇಲ್ರಿ."

"ಎಲ್ಲಿ ಇರ್ತಾರ?"

"ಒಂದು ಕಡಿ ಇರಂಗಿಲ್ರಿ ಅವರು. ಈಗ ಹೊಳಿ ದಂಡಿಗೆ ಇರಬೇಕು."

"ಯಾವಾಗ ಬರ್ತಾರ?"

"ಹಬ್ಬಕ್ಕ ಬಂದು ಹೋಗ್ಯಾರ್ರಿ. ಇನ್ನ ಮಳಿ ಹಿಡದ ಮ್ಯಾಲ ಬರ್ತಾರ."

ಸಂಜೆಯೂ ಅಲ್ಲ, ಒಂದನೇ ತಾರೀಖೂ ಅಲ್ಲ. ವರ್ಷಕ್ಕೆ ಎರಡು ಸಲ ಬಂದುಹೋಗುವ ಮಾಲೀಕ. ಹೊಳೆ ದಂಡೆಯಲ್ಲಿ ಗದ್ದೆ ಇಟ್ಟುಕೊಂಡ ಯಾರೋ ಸ್ಥಿತಿವಂತ ಎಂದು ನನ್ನ ಮನಸ್ಸು ಆಗಲೇ ಬರೆದು ಮುಗಿಸಿತ್ತು. ಒಳಗೆ ಕಣ್ಣು ಹಾಯಿಸಿದೆ. ಮಂಚವಿಲ್ಲ, ಕುರ್ಚಿಯಿಲ್ಲ, ಗೋಡೆಗೆ ಒಂದು ಕ್ಯಾಲೆಂಡರೂ ಇಲ್ಲ. ಮಡಿಸಿಟ್ಟ ಒಂದು ಕರಿ ಕಂಬಳಿ, ನಾಲ್ಕು ಪಾತ್ರೆ, ಒಂದು ಕೊಡ. ಸ್ವಂತ ಸಂಸಾರ ಇದ್ದವರ ಮನೆ ಹೀಗಿರುವುದಿಲ್ಲ ಎಂಬುದು ನನ್ನ ಇನ್ನೊಂದು ದೊಡ್ಡ ವಿದ್ಯೆ.

"ಅವರ ಹೆಸರೇನು?"

ಅವಳು ಸೆರಗು ಮುಂದಕ್ಕೆ ಎಳೆದುಕೊಂಡು ಮೊರದ ಕಡೆ ನೋಡಿದಳು. ಸಣ್ಣಗೆ ನಕ್ಕಂತೆಯೂ ಕಂಡಿತು. "ನಿಮ್ಮ ಕಾಗದದಾಗ ಇರಬೇಕಲ್ರಿ?" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಗಂಡನ ಹೆಸರು ಬಾಯಲ್ಲಿ ಹೇಳದ ಹೆಂಗಸರನ್ನು ನಾನು ಕಂಡಿಲ್ಲವೇ? ಬೇಕಾದಷ್ಟು. ಆದರೆ ಅವರೆಲ್ಲ ಮುದುಕಿಯರು, ಇವಳ ವಯಸ್ಸಿನವರು ಇವತ್ತು ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾರೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಇವಳಿಗೆ ಮಾಲೀಕನ ಹೆಸರು ಗೊತ್ತಿಲ್ಲ, ಅದಕ್ಕೇ ಈ ಜಾಣತನ.

"ಸರ್ಕಾರದವರು ಬಂದ್ರ ಎದ್ದು ನಿಂದರಾಕ ಬರಂಗಿಲ್ಲೇನು?" ಎಂದೆ.

"ಬರಂಗಿಲ್ರಿ" ಎಂದಳು.

ಇದಕ್ಕಿಂತ ದೊಡ್ಡ ಉದ್ಧಟತನ ಬೇಕೇ? ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ನಾನು "ಸಾಕು" ಎಂದೆ. ಮನೆಯ ಫೋಟೊ ತೆಗೆದು, ಮೊಬೈಲಿನಲ್ಲಿ "ಇಲ್ಲ" ಒತ್ತಿ, ಷರಾದಲ್ಲಿ "ಮನೆಯವರು ಇಲ್ಲವೆಂದು ವಾಸವಿರುವವರೇ ತಿಳಿಸಿರುತ್ತಾರೆ, ಒಳಬಾಡಿಗೆ" ಎಂದು ಬರೆದು ಕಳಿಸಿಬಿಟ್ಟೆ. ಜೀಪಿಗೆ ನಡೆದು ಹೋಗುವಷ್ಟರಲ್ಲಿ ಅವಳ ಮನೆ ಹೋಗಿತ್ತು. ವಾಚಮನ್‌ಗೆ ಎಲ್ಲ ಗೊತ್ತಿತ್ತು, ಆಮೇಲೆ ಒಪ್ಪಿಕೊಂಡ. ಕೇಳಲಿಲ್ಲ, ಅದಕ್ಕೆ ಹೇಳಲಿಲ್ಲವಂತೆ. ಹೆಚ್ಚಿಗೆ ಮಾತಾಡಿದರೆ ಮೇಡಂ ಸಿಟ್ಟಾಗ್ತಾರ ಅಂದ. ಅದೂ ಸುಳ್ಳಲ್ಲ.

ಹದಿನೈದು ದಿನದೊಳಗೆ ಮನೆ ತೆರವು ಮಾಡತಕ್ಕದ್ದು ಎಂಬ ನೋಟೀಸು ಬಾಗಿಲಿಗೆ ಅಂಟಿತು. ನಮ್ಮ ನೋಟೀಸಿನ ಕನ್ನಡ ಓದಿದವರಿಗೇ ತಿಳಿಯುವುದಿಲ್ಲ, ಅವಳು ಓದಿದವಳೂ ಅಲ್ಲ. ವಾಚಮನ್ ಅರ್ಥ ಹೇಳಿದನಂತೆ. ವಾರ ಕಳೆದ ಮೇಲೆ ಅವಳು ಮಾನ್ವಿಯಿಂದ ಬಸ್ಸು ಹತ್ತಿ ರಾಯಚೂರಿಗೆ ನಮ್ಮ ಕಚೇರಿಗೆ ಬಂದಳು.

ನನಗೆ ಮೊದಲು ಗುರುತು ಹತ್ತಲಿಲ್ಲ. ವರಾಂಡದ ಬೆಂಚಿನ ಮೇಲೆ ಕೂತಿದ್ದವಳು ನನ್ನನ್ನು ಕಂಡು ಎದ್ದಳು. ಎದ್ದಳು ಅಂದರೆ, ಬೆಂಚಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದು, ಮೊದಲು ಒಂದು ಕಾಲು ಊರಿ, ತುಟಿ ಕಚ್ಚಿ, ಗೋಡೆಗೆ ಆತು, ಆಮೇಲೆ ಕೋಲು ತೆಗೆದುಕೊಂಡಳು. ಅಷ್ಟು ಹೊತ್ತೂ ನಾನು ನೋಡುತ್ತ ನಿಂತಿದ್ದೆ. ಅವತ್ತು ಅವಳು ಹೇಳಿದ "ಬರಂಗಿಲ್ರಿ" ಎಂಬ ಮಾತಿಗೆ ಅರ್ಥ ಆಗ ಗೊತ್ತಾಯಿತು.

"ಅಕ್ಕಾರ," ಎಂದಳು, "ನೀವು ಮನಿಯವರು ಅದಾರೇನು ಅಂತ ಕೇಳಿದ್ರಿ. ಇಲ್ಲ ಅಂದೆ. ಖರೇನ ಇರಲಿಲ್ರಿ, ಕುರಿ ಹಿಂದ ಹೋಗ್ಯಾರ. ಅದಕ್ಕ ಮನಿ ಬಿಡು ಅಂದ್ರ ಹ್ಯಾಂಗ್ರಿ? ಸುಳ್ಳು ಹೇಳಬೇಕಿತ್ತೇನ್ರಿ?"

ಕುರಿ ಕಾಯುವವರು. ಹಿಂಡಿನ ಹಿಂದೆ ಊರೂರು ತಿರುಗಿ, ಯಾರದೋ ಹೊಲದಲ್ಲಿ ಕುರಿ ತರುಬಿ, ಅಲ್ಲೇ ಉಂಡು ಅಲ್ಲೇ ಮಲಗುವವರು. ಅವಳೂ ಮದುವೆಯಾದಾಗಿನಿಂದ ಗಂಡನ ಜೊತೆ ಹಾಗೇ ತಿರುಗಿದ್ದಳು. ಹಿಂಡನ್ನು ರಸ್ತೆ ದಾಟಿಸುವಾಗ ಗಾಡಿ ಬಡಿದು ಸೊಂಟ ಮುರಿಯಿತು. ನಡೆಯಲು ಆಗದವಳು ಹಿಂಡಿನ ಜೊತೆ ಇರಲಾರಳು. ಅದಕ್ಕೇ ಗಂಡ ಅಲೆದಾಡಿ ಈ ಮನೆ ಮಂಜೂರು ಮಾಡಿಸಿಕೊಂಡು, ಅವಳನ್ನು ಇಲ್ಲಿ ಇರಿಸಿ, ಅಕ್ಕಿ ಗಿರಣಿಯವರಿಂದ ನುಚ್ಚು ಹಸನು ಮಾಡುವ ಕೆಲಸ ಕೊಡಿಸಿ ಹೋಗಿದ್ದ.

"ತವರುಮನಿ ಹಿರೇಕೊಟ್ನೆಕಲ್‌ರಿ. ಅಣ್ಣನ ಮನ್ಯಾಗ ಎಂಟು ದಿನ ಕುಂತ್ರ ಅತ್ತಿಗಿ ಮುಖ ತಿರುವ್ತಾಳ. ಹಿಂಡಿನ ಕೂಡ ಹೋಗಾಕ ಕಾಲಿಲ್ಲ. ಈ ಮನಿ ಹೋತಂದ್ರ ನಾ ಎಲ್ಲಿ ಕುಂದರ್ಲಿ, ನೀವ ಹೇಳ್ರಿ."

ಗಂಡನಿಗೆ ಫೋನು ಮಾಡು ಎಂದೆ. ಹೊಳೆ ದಂಡೆಯಲ್ಲಿ ರೇಂಜು ಸಿಗುವುದಿಲ್ಲ, ವಾರದಿಂದ ಹಚ್ಚುತ್ತಲೇ ಇದ್ದೇನೆ ಎಂದಳು. ಆಧಾರ್ ಕೊಡು ಎಂದೆ. ಮದುವೆಗೆ ಮುಂಚೆ ಮಾಡಿಸಿದ್ದು, ಅದರಲ್ಲಿ ಅಪ್ಪನ ಹೆಸರು, ತವರಿನ ವಿಳಾಸ. ರೇಷನ್ ಕಾರ್ಡು ಅತ್ತೆಯ ಊರಲ್ಲಿ. ತಾನು ಇಂಥವನ ಹೆಂಡತಿ ಎಂದು ತೋರಿಸುವ ಒಂದು ತುಂಡು ಕಾಗದವೂ ಅವಳ ಕೈಯಲ್ಲಿ ಇರಲಿಲ್ಲ. ಸುಳ್ಳರ ಕೈಯಲ್ಲಾದರೆ ಎಲ್ಲ ಕಾಗದವೂ ಇರುತ್ತವೆ.

ತಿಳಿಯದೆ ಆದ ತಪ್ಪು ಎಂದು ಯಾರಾದರೂ ನನ್ನ ಪರ ಮಾತಾಡಬಹುದು. ಬೇಡ. ನಾನು ರಾಯಚೂರಿನ ಸಂತೆ ವ್ಯಾಪಾರದ ಮನೆಯಲ್ಲಿ ಹುಟ್ಟಿದವಳು. ಅಬ್ಬಾ ಬಟ್ಟೆ ಗಂಟು ಹೊತ್ತು ಸಂತೆಯಿಂದ ಸಂತೆಗೆ ಹೋದರೆ ಹತ್ತು ದಿನಕ್ಕೆ ಮನೆಗೆ ಬರುತ್ತಿದ್ದರು. ಬಾಗಿಲಿಗೆ ಯಾರು ಬಂದರೂ ಅಮ್ಮಿ ಪರದೆಯ ಹಿಂದಿನಿಂದ, "ಘರ್‌ವಾಲೇ ನೈ ಹೈ" ಅನ್ನುತ್ತಿದ್ದರು. ಮನೆಯವರು ಇಲ್ಲ. ಸಂಜೆಗೂ ಬಾರದ, ತಿಂಗಳ ಮೊದಲಿಗೂ ಬಾರದ ಘರ್‌ವಾಲೇ ಹೇಗಿರುತ್ತಾರೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಕಚೇರಿಯಲ್ಲಿ ಇರಲಿಲ್ಲ. ಅಮ್ಮಿ ಒಂದು ದಿನವೂ ಅಬ್ಬಾನ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ಗೊತ್ತಿತ್ತು ನನಗೆ. ಎದುರಿಗಿದ್ದವಳು ಸುಳ್ಳುಗಾರ್ತಿಯೇ ಎಂದು ಮೊದಲೇ ಠರಾಯಿಸಿಕೊಂಡಿದ್ದರಿಂದ ಗೊತ್ತಿದ್ದದ್ದು ಕೆಲಸಕ್ಕೆ ಬರಲಿಲ್ಲ.

ತಪ್ಪು ಸರಿಪಡಿಸಲು ಒಂದು ಹಾಳೆ ಸಾಕಿತ್ತು. ಮನೆಯವರು ಎಂದು ಆಕೆ ಹೇಳಿದ್ದು ಗಂಡನನ್ನು, ನಾನು ಮಾಲೀಕ ಎಂದು ತಪ್ಪಾಗಿ ಬರೆದೆ, ನೋಟೀಸು ಹಿಂಪಡೆಯಬಹುದು, ಸಹಿ. ಪೆನ್ನು ಕೈಯಲ್ಲಿತ್ತು. ಬರೆಯಲಿಲ್ಲ. ಬರೆದರೆ ಆ ಪ್ರಶ್ನೆಯಿಂದ ರದ್ದಾದ ಎಲ್ಲ ಮನೆಯವರೂ ವಕೀಲರನ್ನು ಹಿಡಿದು ಬರುತ್ತಾರೆ, ಸಭೆಯಲ್ಲಿ ಹೊಗಳಿಸಿಕೊಂಡವಳನ್ನು ನೋಡಿ ಜೊತೆಯವರು ಬಾಯಿ ಮುಚ್ಚಿಕೊಂಡು ನಗುತ್ತಾರೆ ಎಂದು ಲೆಕ್ಕ ಹಾಕಿದೆ. ಆಮೇಲೆ ನಮ್ಮ ಕಚೇರಿಯ ಅತಿ ಹೇಸಿಗೆಯ ಪದವೊಂದನ್ನು ಆರಿಸಿ ಬರೆದೆ: "ಸದರಿಯವರು ತಾವು ಹಂಚಿಕೆದಾರರ ಪತ್ನಿಯೆಂದು ಹೇಳಿಕೊಳ್ಳುತ್ತಾರೆ." ಹೇಳಿಕೊಳ್ಳುತ್ತಾರೆ. ಈ ಪದ ಬರೆದರೆ ಬರೆದವರ ಮೇಲೆ ಏನೂ ಬರುವುದಿಲ್ಲ, ಎಲ್ಲ ಹೇಳಿದವರ ಮೇಲೆಯೇ. ಆ ಫೈಲು ಹಿಡಿದು ಅವಳನ್ನು ಸಾಹೇಬರ ಕೋಣೆಗೆ ಕರೆದುಕೊಂಡು ಹೋದೆ.

ನಮ್ಮ ಸಾಹೇಬರು ದಕ್ಷಿಣದ ಕಡೆಯವರು. ರಾಯಚೂರಿಗೆ ವರ್ಗವಾದದ್ದನ್ನು ಶಿಕ್ಷೆ ಎಂದು ತಿಳಿದವರು, ಆ ಸೇಡನ್ನು ಇಲ್ಲಿಯ ಬಿಸಿಲಿನ ಮೇಲೆ ತೀರಿಸಲಾಗದೆ ಇಲ್ಲಿಯ ಜನರ ಮೇಲೆ ತೀರಿಸುತ್ತಾರೆ. ಕೂಲರಿನ ಗಾಳಿ ತಮ್ಮೊಬ್ಬರಿಗೇ ತಾಗುವಂತೆ ತಿರುಗಿಸಿಕೊಂಡು ಬಿಸ್ಕತ್ತು ತಿನ್ನುತ್ತಿದ್ದರು. ನಾನು ಬರೆದದ್ದನ್ನು ಓದಿದರು. ಅವಳಿಗೆ ಕೂರಲು ಹೇಳಲಿಲ್ಲ. ನಾನೂ ಹೇಳಲಿಲ್ಲ.

"ಗಂಡನ ಹೆಸರೇನಮ್ಮ?"

ಅವಳು ಸೆರಗು ಮುಂದಕ್ಕೆ ಎಳೆದುಕೊಂಡಳು. ಮತ್ತೆ ಕೇಳಿದರು.

"ಕಾಗದದಾಗ ಅದ್ರಿ ಸಾಹೇಬರ."

"ಕಾಗದದಲ್ಲಿರೋದು ನನಗೆ ಗೊತ್ತು. ನಿನಗೆ ಗೊತ್ತಾ ಅಂತ ಕೇಳ್ತಿದ್ದೀನಿ. ಹೆಂಡತಿ ಅಂತೀಯ, ಹೆಸರು ಗೊತ್ತಿಲ್ವಾ?"

"ಗೊತ್ತದ್ರಿ. ಹೇಳಬಾರದು."

ಅವರಿಗೆ ತಿಳಿಯಿತು. ಅವರ ಊರಿನ ಅಜ್ಜಿಯರೂ ಹೇಳುತ್ತಿರಲಿಲ್ಲ, ತಿಳಿಯದೇ ಏನು? ಆದರೆ ಮಧ್ಯಾಹ್ನದ ಹೊತ್ತು, ಬೇಸರ ಕಳೆಯಲು ಏನಾದರೂ ಬೇಕಿತ್ತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕು, "ಹಾಗಾದ್ರೆ ಹೇಳು. ಹೇಳಿದ್ರೆ ಈಗಲೇ ಸಹಿ, ಇಲ್ಲದಿದ್ರೆ ನಿನ್ನ ಗಂಡ ಬರ್ಲಿ" ಎಂದರು. ಇಂಥ ನಿಯಮ ಎಲ್ಲಿಯೂ ಇಲ್ಲ. ಅಷ್ಟರಲ್ಲಿ ಬಾಗಿಲ ಬಳಿ ಇಬ್ಬರು ಗುಮಾಸ್ತರು ಬಂದು ನಿಂತಿದ್ದರು, ಅವರಿಗೂ ಇದು ಬೇಕಿತ್ತು.

ಅವಳು ಒಂದು ದೇವರ ಗುರುತು ಹೇಳಿದಳು. ಯಾವ ಗುಡ್ಡದ ಮೇಲೆ ಇರುವ ದೇವರು, ಯಾವ ವಾರ ಅವನದು ಎಂದು. ಆ ದೇವರ ಹೆಸರೇ ಅವರದು ರೀ, ಎಂದಳು. ನಮ್ಮ ಕಡೆ ಹೆಂಗಸರು ಹೀಗೆ ಹೇಳಿ ಪಾರಾಗುತ್ತಾರೆ, ಕೇಳಿದವರು ತಿಳಿದುಕೊಳ್ಳುತ್ತಾರೆ. ಫೈಲಿನಲ್ಲಿದ್ದ ಹೆಸರಿಗೂ ಅದಕ್ಕೂ ಸರಿಯಾಗಿ ಹೊಂದಿತು. ಅಲ್ಲಿಗೆ ಮುಗಿಯಬೇಕಿತ್ತು.

"ಒಗಟು ಬೇಡಮ್ಮ, ಹೆಸರು ಬೇಕು" ಎಂದರು ಸಾಹೇಬರು.

ಅವಳು ನನ್ನ ಕಡೆ ತಿರುಗಿದಳು. "ಅಕ್ಕಾರ, ನೀವು ಹೇಳ್ರಿ. ನೀವು ನನ್ನ ಮನಿಗೆ ಬಂದಿದ್ರಿ. ಹೆಣ್ಮಕ್ಕಳು ಇದ್ದೀರಿ, ನಿಮಗ ಗೊತ್ತಿರ್ತದ."

ಫೈಲು ನನ್ನ ಕೈಯಲ್ಲಿ ತೆರೆದೇ ಇತ್ತು. ಹೆಸರು ನನ್ನ ಕಣ್ಣ ಮುಂದೆ ಇತ್ತು. ಓದಿ ಹೇಳಿ, ತಪ್ಪು ನನ್ನದು ಸಾರ್ ಎಂದು ಒಂದು ಮಾತು ಸೇರಿಸಿದ್ದರೆ ಸಾಕಿತ್ತು. ನಾನು ಹಾಳೆ ತಿರುವಿದೆ. ಏನನ್ನೋ ಹುಡುಕುತ್ತಿರುವವಳಂತೆ ಇನ್ನೊಂದು ಹಾಳೆಯನ್ನೂ ತಿರುವಿದೆ. ಅವಳು ನೋಡುವಷ್ಟು ಹೊತ್ತು ನೋಡಿ ಮುಖ ತಿರುಗಿಸಿದಳು.

ಕೋಲು ಹಿಡಿದ ಕೈಯ ಮೇಲೆ ಇನ್ನೊಂದು ಕೈ ಇಟ್ಟು, ನೆಲ ನೋಡುತ್ತ ಹೆಸರು ಹೇಳಿದಳು.

"ಕೇಳಿಸಲಿಲ್ಲ" ಎಂದರು ಸಾಹೇಬರು.

ಅವಳು ತಲೆ ಎತ್ತಿ, ಅವರ ಮುಖವನ್ನೇ ನೋಡುತ್ತ, ವರಾಂಡಕ್ಕೆಲ್ಲ ಕೇಳುವಂತೆ ಹೇಳಿದಳು. ಗುಮಾಸ್ತನೊಬ್ಬ ಕಿಸಕ್ಕೆಂದು ನಕ್ಕ. ಸಾಹೇಬರಿಗೆ ಆ ಜೋರು ಹಿಡಿಸಲಿಲ್ಲ, ಆದರೂ ಮಾತು ಕೊಟ್ಟಿದ್ದರಿಂದ ಸಹಿ ಹಾಕಿದರು. ನೋಟೀಸು ರದ್ದಾಯಿತು, ಮನೆ ಉಳಿಯಿತು. ನನ್ನ ವರದಿ ಮಾತ್ರ ತಪ್ಪು ಎಂದು ಎಲ್ಲಿಯೂ ದಾಖಲಾಗಲಿಲ್ಲ.

ಹೊರಗೆ ಹೋಗುವಾಗ ಅವಳು ನನಗೆ ಏನೂ ಅನ್ನಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬೈಸಿಕೊಂಡು ರೂಢಿಯಿದೆ ನನಗೆ, ತಿರುಗಿ ಬೈಯಬಹುದಿತ್ತು. ಅಂಗಳದ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಸೆರಗಿನಿಂದ ಒರೆಸಿಕೊಂಡು, ಗೇಟಿನ ತನಕ ನಿಂತು ನಿಂತು ನಡೆದಳು. ಆಟೊ ಮಾಡಿಕೊಡೋಣ ಎಂದು ನನಗೆ ಹೊಳೆದದ್ದು ಅವಳು ಕಾಣದಾದ ಮೇಲೆ.

ಮಳೆ ಹಿಡಿದ ಮೇಲೆ ಅವಳ ಗಂಡ ಕಚೇರಿಗೆ ಬಂದ. ಹೆಗಲ ಮೇಲೆ ಒದ್ದೆ ಕಂಬಳಿ, ಎತ್ತರದ ಆಳು. ಬಾಗಿಲಲ್ಲಿ ನಿಂತು ಮಾನ್ವಿಯ ಮನೆ ನೋಡಿದ ಮೇಡಂ ಯಾರು ಎಂದು ಕೇಳುತ್ತಿದ್ದ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡೆ. ಬರಲಿ, ಎಂದು ಮನಸ್ಸು ಗಟ್ಟಿ ಮಾಡಿ ಎದ್ದೆ. ಆ ದಿನ ಕಿಸಕ್ಕೆಂದು ನಕ್ಕ ಗುಮಾಸ್ತ ಪಕ್ಕದ ಮೇಜಿನಲ್ಲೇ ಇದ್ದ.

ಅವನು ಹತ್ತಿರ ಬಂದು ಕೈ ಮುಗಿದ.

"ನಮ್ಮಾಕಿ ಎಲ್ಲ ಹೇಳಿದ್ಳ್ರಿ ಅಕ್ಕಾರ. ದೊಡ್ಡ ಸಾಹೇಬರು ಹೆಸರು ಹೇಳ್ತೀಯೋ ಇಲ್ಲೋ ಅಂತ ಹಟ ಹಿಡಿದ್ರಂತ. ನೀವ ಮುಂದ ಬಂದು, ಆಕಿ ಬಾಯಾಗ ಹೇಳಿಸಬ್ಯಾಡ್ರಿ ಅಂತ ನೀವ ಓದಿ ಹೇಳಿದ್ರಂತ. ನೀವು ಇರಲಿಲ್ಲಂದ್ರ ಮನಿ ಉಳಿಸಾಕ ಆಕಿ ಹೇಳೇ ಬಿಡ್ತಿದ್ಳು. ನಮ್ಮ ಮಂದ್ಯಾಗ ಅದು ಸಣ್ಣ ಮಾತಲ್ರಿ."

ಪಕ್ಕದ ಮೇಜಿನ ಗುಮಾಸ್ತ ನನ್ನನ್ನು ಒಮ್ಮೆ ನೋಡಿ ಫೈಲಿಗೆ ತಲೆ ಹಾಕಿದ.

ನನ್ನ ಬಾಗಿಲ ಪ್ರಶ್ನೆಗೆ ನಿಜವನ್ನೇ ಹೇಳಿ ಮನೆ ಕಳೆದುಕೊಳ್ಳಲಿದ್ದ ಹೆಂಗಸು, ತನ್ನ ಗಂಡನಿಗೆ ಈ ಒಂದು ಸುಳ್ಳು ಹೇಳಿದ್ದಳು. ಅದಕ್ಕೆ ಅವಳಿಗೆ ಒಬ್ಬ ಒಳ್ಳೆಯ ಹೆಂಗಸು ಬೇಕಾಗಿದ್ದಳು. ಕೋಣೆಯಲ್ಲಿ ಇನ್ನೊಬ್ಬಳು ಇರಲಿಲ್ಲ, ನನ್ನನ್ನೇ ಬಳಸಿಕೊಂಡಿದ್ದಳು.

"ಇರಲಿ ಬಿಡ್ರಿ, ಅದರಾಗೇನದ" ಎಂದೆ ನಾನು.

ಅಲ್ಲ ಎಂದು ಹೇಳಿದ್ದರೆ ಅವಳ ಸಂಸಾರದಲ್ಲಿ ಇರುಸುಮುರುಸಾಗುತ್ತಿತ್ತು, ಅವಳ ಸಲುವಾಗಿ ಸುಮ್ಮನಿದ್ದೆ ಎಂದು ಈಗ ನಾನು ನನಗೆ ಹೇಳಿಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ನನಗೆ ಅವಳ ನೆನಪೇ ಇರಲಿಲ್ಲ. ಅಷ್ಟು ಎತ್ತರದ ಆಳು ಬಾಗಿ ಕೈ ಮುಗಿದು ನಿಂತಾಗ ನನಗೆ ಖುಷಿಯಾಯಿತು.